ಬೇರೆ ಶಾಲೆಯೋ, ಅದೇ ಬೆಂಚೋ?

ಕೇಳುಗರೆಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದಾಗ, ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬೆಳಿಗ್ಗೆ ಮನೆಯಿಂದ ತುಂಬಿಸಿ ತಂದ ನೀರಿನ ಬಾಟಲಿಯನ್ನು ಸಂಜೆ ತುಂಬಿದ್ದ ಹಾಗೆಯೇ ವಾಪಸು ಒಯ್ಯುತ್ತಿದ್ದ. ಮಳೆಗಾಲ, ಬಾಯಾರಿಕೆ ಇರಲಿಕ್ಕಿಲ್ಲ ಎಂದುಕೊಂಡೆ. ಮಾರ್ಚಿ ತಿಂಗಳ ಬಿಸಿಲಿನಲ್ಲೂ ಬಾಟಲಿ ಖಾಲಿಯಾಗದಿದ್ದಾಗ ಕರೆದು ಕೇಳಿದೆ. ಬಹಳ ಹೊತ್ತು ಸುಮ್ಮನೆ ನಿಂತಿದ್ದವನು, ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕಾಗುತ್ತದೆ, ಅದರ ಬಾಗಿಲಿಗೆ ಚಿಲಕವಿಲ್ಲ, ತಾನು ಒಳಗೆ ಹೋದದ್ದು ಕಂಡರೆ ದೊಡ್ಡ ಹುಡುಗರು ಬಾಗಿಲು ದೂಡಿಕೊಂಡು ಬರುತ್ತಾರೆ ಎಂದ. ಅವನ ನಡಿಗೆ ಮೃದುವಾಗಿತ್ತು, ಮಾತಿನಲ್ಲಿ ಒಂದು ರಾಗವಿತ್ತು. ‘ಹೆಣ್ಣಿಗ’ ಎಂಬ ಹೆಸರು ಅವನಿಗೆ ಅಂಟಿಕೊಂಡು ಎರಡು ವರ್ಷವಾಗಿತ್ತು. ನಾನು ಕೊಟ್ಟ ಬುದ್ಧಿಮಾತು ಏನೆಂದರೆ, ‘ಸ್ವಲ್ಪ ಗಂಡುಹುಡುಗರ ಹಾಗೆ ನಡೆಯೋದು ಕಲಿ ಮಾರಾಯ’. ಚಿಲಕ ಹಾಕಿಸಲಿಲ್ಲ, ಆ ದೊಡ್ಡ ಹುಡುಗರನ್ನು ಕರೆದು ಕೇಳಲಿಲ್ಲ. ಮರುವರ್ಷ ಅವನು ಶಾಲೆಗೆ ಬರಲಿಲ್ಲ.

ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳಿಗೆ, ಸಲಿಂಗ ಪ್ರೀತಿಯ ಮಕ್ಕಳಿಗೆ ಪ್ರತ್ಯೇಕ ಶಾಲೆ ಬೇಕೇ, ಅದರಿಂದ ಸಮಾಜದಲ್ಲಿ ಸಹಿಷ್ಣುತೆ ಬೆಳೆಯುತ್ತದೆಯೇ ಕುಗ್ಗುತ್ತದೆಯೇ ಎಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಬಾಟಲಿ.

ಇದು ಬರಿಯ ಊಹೆಯ ಪ್ರಶ್ನೆಯಲ್ಲ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಇಂಥ ಮಕ್ಕಳಿಗೆಂದೇ 1985ರಲ್ಲಿ ಸಣ್ಣ ಪ್ರಮಾಣದಲ್ಲಿ ಶುರುವಾದ ಹಾರ್ವೆ ಮಿಲ್ಕ್ ಶಾಲೆ, 2003ರಲ್ಲಿ ಪೂರ್ಣ ಪ್ರಮಾಣದ ಸರ್ಕಾರಿ ಪ್ರೌಢಶಾಲೆಯಾಯಿತು. ಆಗ ಅಲ್ಲಿ ದೊಡ್ಡ ವಾದವೇ ನಡೆಯಿತು. ಪೆಟ್ಟು ತಿನ್ನುತ್ತಿರುವ ಮಗುವಿಗೆ ಮೊದಲು ಆಸರೆ ಬೇಕು ಎಂದರು ಕೆಲವರು. ಹೊಡೆಯುವವರನ್ನು ಬಿಟ್ಟು ಹೊಡೆಸಿಕೊಂಡವರನ್ನು ಹೊರಗೆ ಕಳಿಸುವುದು ಯಾವ ನ್ಯಾಯ ಎಂದರು ಇನ್ನು ಕೆಲವರು. ನಮ್ಮ ನೆರೆಯ ಕೇರಳದ ಕೊಚ್ಚಿಯಲ್ಲಿ 2016ರ ಡಿಸೆಂಬರ್ ಕೊನೆಗೆ ‘ಸಹಜ್’ ಎಂಬ ಹೆಸರಿನ ಶಾಲೆ ತೆರೆಯಿತು. ಅರ್ಧಕ್ಕೆ ಓದು ಬಿಟ್ಟಿದ್ದ ತೃತೀಯ ಲಿಂಗಿಗಳು, ಅವರಲ್ಲಿ ಹೆಚ್ಚಿನವರು ವಯಸ್ಕರು, ಅಲ್ಲಿ ಕುಳಿತು ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಪರೀಕ್ಷೆಗೆ ತಯಾರಾಗಬೇಕು ಎಂಬುದು ಅದರ ಉದ್ದೇಶವಾಗಿತ್ತು. ಒಳ್ಳೆಯ ಉದ್ದೇಶ, ಅನುಮಾನವಿಲ್ಲ. ಆದರೆ ಆ ಬೆಂಚುಗಳ ಮೇಲೆ ಕುಳಿತವರನ್ನು ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಹೊರಗೆ ದಬ್ಬಿದ್ದು ನನ್ನ ಶಾಲೆಯಂಥ ಸಾಮಾನ್ಯ ಶಾಲೆಗಳೇ ಅಲ್ಲವೇ? 2011ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಶೇಕಡಾ 74ರಷ್ಟಿದ್ದಾಗ, ತೃತೀಯ ಲಿಂಗಿಗಳಲ್ಲಿ ಅದು ಶೇಕಡಾ 56ರ ಆಸುಪಾಸಿನಲ್ಲಿತ್ತು.

ಅಂಧ ಮಕ್ಕಳಿಗೆ ಬೇರೆ ಶಾಲೆ ಇಲ್ಲವೇ, ಇದೂ ಹಾಗೆಯೇ ಎಂದು ಮಿತ್ರರೊಬ್ಬರು ಒಮ್ಮೆ ಕೇಳಿದರು. ನಾನು ಈ ಮಾತನ್ನು ಬಹಳ ದಿನ ಯೋಚಿಸಿದೆ. ಅಂಧ ಮಗುವಿಗೆ ಬ್ರೈಲ್ ಲಿಪಿ ಬೇಕು, ಅದನ್ನು ಕಲಿಸಬಲ್ಲ ಶಿಕ್ಷಕರು ಬೇಕು. ಅಂದರೆ ಅಲ್ಲಿ ಪಾಠದ ಕ್ರಮವೇ ಬೇರೆ. ನನ್ನ ಆ ವಿದ್ಯಾರ್ಥಿಗೆ ಬೇರೆ ಲಿಪಿ ಬೇಕಿರಲಿಲ್ಲ. ಹಳಗನ್ನಡದ ಪದ್ಯವನ್ನು ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದವನು ಅವನೇ. ಕಲಿಯಬೇಕಾದ್ದು ಇದ್ದದ್ದು ಬಾಗಿಲು ದೂಡುತ್ತಿದ್ದವರಿಗೆ, ಮತ್ತು ನನಗೆ. ಅವನನ್ನು ಬೇರೆ ಶಾಲೆಗೆ ಕಳಿಸಿದ್ದರೆ ಅವನು ಬದುಕಿಕೊಳ್ಳುತ್ತಿದ್ದನೇನೋ, ನಾವು ಮಾತ್ರ ಇದ್ದಲ್ಲೇ ಇರುತ್ತಿದ್ದೆವು.

ನಮ್ಮ ನಾಡಿನಲ್ಲಿ ಇದಕ್ಕೆ ಹಳೆಯ ಅನುಭವವೊಂದಿದೆ. ಮೈಸೂರು ಸಂಸ್ಥಾನದಲ್ಲಿ ದಲಿತ ಮಕ್ಕಳಿಗಾಗಿ ಪಂಚಮ ಶಾಲೆಗಳೆಂಬ ಬೇರೆ ಶಾಲೆಗಳಿದ್ದವು. ಅಕ್ಷರದ ಬಾಗಿಲೇ ಮುಚ್ಚಿದ್ದ ಕಾಲದಲ್ಲಿ ಅವು ಒಂದಷ್ಟು ಮಕ್ಕಳಿಗೆ ಅಕ್ಷರ ಕೊಟ್ಟವು, ಆ ಋಣವನ್ನು ಮರೆಯಬಾರದು. ಆದರೆ ಜೊತೆಯಲ್ಲಿ ಕೂರುವುದು ಹೇಗೆ ಎಂಬುದನ್ನು ಅವು ಯಾರಿಗೂ ಕಲಿಸಲಾರದಾದವು. ಕಲಿಕೆ ಆರಂಭವಾದದ್ದು ಒಂದೇ ಕೋಣೆಯೊಳಗೆ ಎಲ್ಲರೂ ಕುಳಿತ ಮೇಲೆ, ಅದೂ ತಕರಾರು, ಗಲಾಟೆಗಳ ನಡುವೆ.

ಮಲೆನಾಡಿನಲ್ಲಿ ಪ್ರತ್ಯೇಕ ಶಾಲೆಯ ಮಾತಿಗೆ ಇನ್ನೊಂದು ತೊಡಕಿದೆ. ಆಗುಂಬೆ, ಹೊಸನಗರದ ಕಡೆ ಒಂಟಿ ಮನೆಗಳ ಮಕ್ಕಳು ಇರುವ ಶಾಲೆಗೇ ಕಾಲುಸಂಕ ದಾಟಿ, ತೋಟದ ಅಂಚು ಹಿಡಿದು ನಡೆದು ಬರುತ್ತಾರೆ. ಬೇರೆ ಶಾಲೆಯೆಂದರೆ ಶಿವಮೊಗ್ಗವೋ ಬೆಂಗಳೂರೋ, ಅಂದರೆ ಹಾಸ್ಟೆಲು. ಅದು ಹೇಗಾದರೂ ಆಗಬಹುದು. ನನ್ನನ್ನು ಕಾಡುವುದು ಅರ್ಜಿ. ಆ ಅರ್ಜಿಗೆ ಅಪ್ಪನ ಸಹಿ ಬೇಕಲ್ಲವೇ? ತನ್ನ ಒಳಗಿನದ್ದನ್ನು ತನಗೇ ಇನ್ನೂ ಪೂರ್ತಿ ಹೇಳಿಕೊಂಡಿರದ ಮಗು ಮನೆಯ ಜಗಲಿಯಲ್ಲಿ ನಿಂತು, ನಾನು ಇಂಥವನು, ಇಂಥವಳು, ನನ್ನನ್ನು ಆ ಶಾಲೆಗೆ ಸೇರಿಸಿ ಎನ್ನಬೇಕು. ನಡಿಗೆಯಲ್ಲಿ ಕಾಣುವ ಹುಡುಗನ ಮಾತು ಬಿಡಿ, ಗೆಳತಿಯನ್ನು ಮನಸ್ಸಿನಲ್ಲೇ ಪ್ರೀತಿಸುತ್ತ ಯಾರ ಕಣ್ಣಿಗೂ ಬೀಳದೆ ಮೂರನೆಯ ಬೆಂಚಿನಲ್ಲಿ ಕುಳಿತ ಹುಡುಗಿಯನ್ನು ಆ ಶಾಲೆ ಹುಡುಕುವುದಾದರೂ ಹೇಗೆ? ಅವಳು ಇರುವುದು ನಮ್ಮ ಶಾಲೆಯಲ್ಲಿ, ನಮ್ಮ ಮಾತುಗಳನ್ನು ಕೇಳಿಸಿಕೊಳ್ಳುತ್ತ.

ಯಕ್ಷಗಾನದ ಸ್ತ್ರೀವೇಷವನ್ನು ರಾತ್ರಿಯಿಡೀ ಚಾಪೆಯ ಮೇಲೆ ಕುಳಿತು ನೋಡಿ ಮೆಚ್ಚಿಕೊಂಡ ಊರು ನಮ್ಮದು. ಗಂಡಸಿನ ಮೈಯಲ್ಲಿ ಅರಳುವ ಬಳುಕನ್ನು ಕಲೆಯೆಂದು ಗುರುತಿಸುವ ಕಣ್ಣು ನಮಗಿದೆ. ಅದೇ ಬಳುಕು ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ನಿಂತಾಗ ಆ ಕಣ್ಣಿಗೆ ಏನಾಗುತ್ತದೋ ನನಗೆ ತಿಳಿಯದು. ಇಲ್ಲಿ ‘ಸಹಿಷ್ಣುತೆ’ ಎಂಬ ಪದದ ಬಗ್ಗೆಯೂ ನನಗೆ ತಕರಾರಿದೆ. ಸಹಿಸಿಕೊಳ್ಳುವುದು ನೋವನ್ನು, ನಷ್ಟವನ್ನು. ಒಂದು ಮಗುವನ್ನು ಸಹಿಸಿಕೊಳ್ಳುವುದು ಎಂದರೇನು?

ಹಾಗಾದರೆ ಪ್ರತ್ಯೇಕ ಶಾಲೆ ಬೇಡವೇ ಬೇಡ ಎನ್ನುತ್ತೇನೆಯೇ? ಇಲ್ಲ. ಮನೆಯಿಂದ ಹೊರಹಾಕಿಸಿಕೊಂಡ ಮಗುವಿಗೆ, ಜೀವಕ್ಕೇ ಅಪಾಯವಿರುವ ಮಗುವಿಗೆ, ಸಮಾಜ ಬದಲಾಗಲಿ ಕಾದುಕೊಂಡಿರು ಎನ್ನುವುದು ಕ್ರೌರ್ಯ. ಅಂಥವರಿಗೆ ಆಸರೆಯ ಮನೆ, ಅಲ್ಲೇ ಓದುವ ಅನುಕೂಲ, ಎರಡೂ ಬೇಕು, ಇಂದೇ ಬೇಕು. ಆದರೆ ಅದನ್ನು ತೋರಿಸಿ ಉಳಿದ ಶಾಲೆಗಳು ಕೈತೊಳೆದುಕೊಳ್ಳಬಾರದು. ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೃತೀಯ ಲಿಂಗಿಗಳ ಗುರುತನ್ನು ಮಾನ್ಯ ಮಾಡಿತು, 2018ರಲ್ಲಿ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ತೃತೀಯ ಲಿಂಗಿಗಳಿಗೆ ತಾರತಮ್ಯವಿಲ್ಲದೆ ಎಲ್ಲರೊಡನೆ ಶಿಕ್ಷಣ ಕೊಡಬೇಕೆಂದು 2019ರ ಕಾಯ್ದೆ ಹೇಳುತ್ತದೆ. ಕಾನೂನು ‘ಎಲ್ಲರೊಡನೆ’ ಎಂದಿದೆ. ಅದನ್ನು ನಿಜ ಮಾಡುವವರು ಮುಖ್ಯೋಪಾಧ್ಯಾಯರು, ಶಾಲಾಭಿವೃದ್ಧಿ ಸಮಿತಿಯ ಸದಸ್ಯರು, ಬಿಸಿಯೂಟ ಬಡಿಸುವ ಅಕ್ಕಂದಿರು.

ಜೂನಿನಲ್ಲಿ ಮತ್ತೆ ಶಾಲೆಗಳು ತುಂಬುತ್ತವೆ. ಈ ಮಾತು ಕೇಳುತ್ತಿರುವ ಶಿಕ್ಷಕ ಮಿತ್ರರಲ್ಲಿ ನನ್ನದೊಂದು ಕೋರಿಕೆ. ಮೊದಲ ವಾರದಲ್ಲಿ ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕವಿದೆಯೇ ನೋಡಿ. ಮಧ್ಯಾಹ್ನದ ಹೊತ್ತಿಗೆ ಯಾರ ಬಾಟಲಿಯಲ್ಲಿ ನೀರು ಹಾಗೆಯೇ ಉಳಿದಿದೆ ಎಂಬುದನ್ನೂ ಒಮ್ಮೆ ಗಮನಿಸಿ.

ನಮಸ್ಕಾರ.