ಹಾಡಿಗೂ ಮೊದಲು ಬರುವ 'ಟಪ್'

ಕೇಳುಗರಿಗೆ ನಮಸ್ಕಾರ.

ಹೆಡ್‌ಫೋನ್ ಕಿವಿಗಿಟ್ಟು ಉಪಕರಣ ಆನ್ ಮಾಡುತ್ತೀರಿ. ಹಾಡು ಇನ್ನೂ ಶುರುವಾಗಿಲ್ಲ, ಅಷ್ಟರಲ್ಲೇ ಕಿವಿಯೊಳಗೆ 'ಟಪ್' ಅಂತ ಒಂದು ಪೆಟ್ಟು. ಹಾಡಿದವರು ಹಾಡಲಿಲ್ಲ, ಮುದ್ರಿಸಿದವರು ಮುದ್ರಿಸಲಿಲ್ಲ. ಮತ್ತೆ ಈ ಸದ್ದು ಬಂದದ್ದೆಲ್ಲಿಂದ? ಇವತ್ತು ಅದರ ಬೆನ್ನು ಹತ್ತೋಣ.

ಫೋನಾಗಲಿ ಲ್ಯಾಪ್‌ಟಾಪಾಗಲಿ, ಒಳಗೆ ಆಡಿಯೋ ಕೋಡೆಕ್ ಅನ್ನುವ ಒಂದು ಚಿಪ್ ಇರುತ್ತದೆ. ಅದರಲ್ಲಿ ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿಸುವ ಭಾಗ ಡ್ಯಾಕ್. ಮೈಕಿನ ಅಲೆಯನ್ನು ಅಂಕಿಯಾಗಿಸುವುದು ಎಡಿಸಿ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮೆರೆಯುವುದು ಇವುಗಳ ಲೆಕ್ಕವೇ: 24 ಬಿಟ್, 192 ಕಿಲೋಹರ್ಟ್ಸ್. ಆದರೆ ಇಂಥ ಬೋರ್ಡುಗಳ ಜೊತೆ ಹೆಣಗಿದ ನನ್ನನ್ನು ಕೇಳಿದರೆ, ಕಿವಿಗೆ ಬೀಳುವ ತಂಟೆಗಳು ಹೆಚ್ಚಾಗಿ ಹುಟ್ಟುವುದು ಡ್ಯಾಕ್ ತನ್ನ ಕೆಲಸ ಮುಗಿಸಿದ ಮೇಲೆ, ಅಲ್ಲಿಂದ ಜ್ಯಾಕಿನವರೆಗಿನ ಗೇಣುದ್ದದ ದಾರಿಯಲ್ಲಿ.

ಆ ದಾರಿಯಲ್ಲಿ ಮೊದಲು ಸಿಗುವುದು ಸ್ವಿಚ್ಚುಗಳ ಹಿಂಡು. ಒಂದು ಕಡೆ ಡ್ಯಾಕ್, ಲೈನ್ ಇನ್, ಮೈಕ್. ಇನ್ನೊಂದು ಕಡೆ ಹೆಡ್‌ಫೋನ್, ಲೈನ್ ಔಟ್, ಸ್ಪೀಕರ್. ಇವು ಸಂಧಿಸುವ ಜಾಗದಲ್ಲೆಲ್ಲ ಒಂದೊಂದು ಸ್ವಿಚ್ಚು, ಕಾಲುವೆಗೆ ತೂಬು ಇದ್ದ ಹಾಗೆ. ಯಾವುದು ತೆರೆಯಬೇಕು, ಯಾವುದು ಮುಚ್ಚಬೇಕು ಅನ್ನುವುದನ್ನು ರಿಜಿಸ್ಟರಿನ, ಅಂದರೆ ಚಿಪ್ಪಿನೊಳಗಿನ ಪುಟ್ಟ ನೆನಪಿನ ಗೂಡಿನ, ಒಂದೊಂದು ಬಿಟ್ ಹೇಳುತ್ತದೆ. ಲೈನ್ ಇನ್‌ನಿಂದ ಬಂದ ಹಾಡು ಅಂಕಿಯಾಗದೆ ನೇರ ಹೆಡ್‌ಫೋನಿಗೆ ಹೋಗಬೇಕೇ? ಒಂದು ಬಿಟ್ ಸಾಕು. ಎಡಿಸಿ, ಡ್ಯಾಕ್ ಎರಡೂ ನಿದ್ದೆ ಮಾಡಬಹುದು. ಫೋನಿನಲ್ಲಿ ಮಾತಾಡುವಾಗ ನಮ್ಮ ದನಿಯೇ ನಮಗೆ ಸಣ್ಣಗೆ ಕೇಳಿಸುತ್ತದಲ್ಲ, ಅದಕ್ಕೂ ಇಂಥದೊಂದು ದಾರಿ ಇರುತ್ತದೆ. ಅದಕ್ಕೆ ಸೈಡ್‌ಟೋನ್ ಅಂತ ಹೆಸರು. ಅದು ಇಲ್ಲದಿದ್ದರೆ ನಮಗೇ ಗೊತ್ತಿಲ್ಲದೆ ಕಿರುಚತೊಡಗುತ್ತೇವೆ.

ಈ ಸ್ವಿಚ್ಚು ಗೋಡೆಯ ಸ್ವಿಚ್ಚಿನಂತಲ್ಲ. ಜೋಡಿಯಾಗಿ ನಿಂತ ಎರಡು ಟ್ರಾನ್ಸಿಸ್ಟರು ಅಷ್ಟೆ. ವೋಲ್ಟೇಜು ಕೆಳಗಿದ್ದಾಗ ಒಂದು ಚೆನ್ನಾಗಿ ಹರಿಯಗೊಡುತ್ತದೆ, ಮೇಲಿದ್ದಾಗ ಇನ್ನೊಂದು. ತೆರೆದಿದ್ದಾಗಲೂ ಇದು ಒಂದಿಷ್ಟು ರೋಧ ಒಡ್ಡುತ್ತದೆ. ತಲೆನೋವೆಂದರೆ ಆ ರೋಧ ಅಲೆಯ ಏರಿಳಿತದ ಜೊತೆ ತಾನೂ ಹೆಚ್ಚುಕಡಿಮೆಯಾಗುತ್ತದೆ. ಇದನ್ನೇ ಹೆಡ್‌ಫೋನಿನ ಬಾಗಿಲಲ್ಲಿ ಇಟ್ಟರೆ ಹಾಡು ಸೊಟ್ಟಗಾದಂತೆಯೇ. ಹಾಗಾಗಿ ಚಿಪ್ ಮಾಡುವವರು ಸ್ವಿಚ್ಚನ್ನು ಮಿಕ್ಸರಿನ, ಅಂದರೆ ಹಲವು ಸದ್ದುಗಳನ್ನು ಒಂದಾಗಿಸುವ ಭಾಗದ, ಕೂಡುಬಿಂದುವಿನ ಪಕ್ಕ, ವೋಲ್ಟೇಜು ಹೆಚ್ಚು ಅಲ್ಲಾಡದ ಜಾಗದಲ್ಲಿ ಕೂರಿಸುತ್ತಾರೆ. ಅಲೆ ಅಲ್ಲಾಡದ ಕಡೆ ರೋಧವೂ ಸುಮ್ಮನಿರುತ್ತದೆ. ಇಂಥ ಜಾಣತನ ಯಾವ ಜಾಹೀರಾತಿನಲ್ಲೂ ಬರುವುದಿಲ್ಲ.

ಒಂದು ಬಿಟ್ ಎಷ್ಟು ಕಾಡಬಹುದು ಅನ್ನುವುದಕ್ಕೆ ನನ್ನದೇ ಒಂದು ಸಂಜೆ ಸಾಕ್ಷಿ. ಹೊಸ ಬೋರ್ಡು, ಲಿನಕ್ಸ್, ಹಾಡು ಓಡುತ್ತಿದೆ, ಸದ್ದೇ ಇಲ್ಲ. ರಿಜಿಸ್ಟರ್ ಓದಿದರೆ ಡ್ಯಾಕ್ ಆಫ್ ಆಗಿದೆ. ಚಿಪ್ಪೇ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಲಿನಕ್ಸಿನ ಧ್ವನಿ ವ್ಯವಸ್ಥೆಯಾದ ಆಲ್ಸಾದಲ್ಲಿ ಡ್ಯಾಪಮ್ ಅನ್ನುವ ಒಂದು ಅಂಗವಿದೆ. ಹಾಡು ಹೊರಟ ಕಡೆಯಿಂದ ಜ್ಯಾಕಿನವರೆಗೆ ದಾರಿ ಪೂರ್ತಿ ಕೂಡಿದ್ದರೆ ಮಾತ್ರ ಅದು ಆ ದಾರಿಯ ಭಾಗಗಳಿಗೆ ಕರೆಂಟು ಕೊಡುತ್ತದೆ. ಆಚೆ ತುದಿಯ ಮಿಕ್ಸರಿನ ಒಂದು ಸ್ವಿಚ್ಚು ಕೂಡಿಸದೆ ಬಿಟ್ಟಿದ್ದೆ, ಆದ್ದರಿಂದ ಈಚೆ ತುದಿಯ ಡ್ಯಾಕಿಗೂ ಕತ್ತಲು. ಬ್ಯಾಟರಿ ಉಳಿಸುವ ಒಳ್ಳೆಯ ಉಪಾಯ ಹೌದು, ಆ ಸಂಜೆ ಮಾತ್ರ ಅದನ್ನು ಬೈದಷ್ಟು ಇನ್ಯಾವುದನ್ನೂ ಬೈದಿಲ್ಲ.

ಇನ್ನು ಡ್ರೈವರ್, ಅಂದರೆ ಹೊರಗಿನ ಹೊರೆಯನ್ನು ಎಳೆಯುವ ಕೊನೆಯ ಆಂಪ್ಲಿಫೈಯರು. ಬೇರೆ ಆಂಪ್ಲಿಫೈಯರಿಗೆ ಹಾಡು ಕಳಿಸುವ ಲೈನ್ ಔಟಿಗೆ ಸಾಮಾನ್ಯವಾಗಿ 10 ಕಿಲೋಓಮ್ ಆಸುಪಾಸಿನ ಹೊರೆ. 1 ವೋಲ್ಟಿಗೆ ಮಿಲಿಆಂಪಿಯರಿನ ಹತ್ತನೇ ಒಂದು ಭಾಗ ಹರಿದರೆ ಆಯಿತು. ಅದೇ 1 ವೋಲ್ಟನ್ನು 32 ಓಮಿನ ಹೆಡ್‌ಫೋನಿಗೆ ಕೊಡಿ, 31 ಮಿಲಿಆಂಪಿಯರ್ ಬೇಕು. ಮುನ್ನೂರು ಪಟ್ಟು! ಲೈನ್ ಔಟಿಗೆ ಹೆಡ್‌ಫೋನ್ ಸಿಕ್ಕಿಸಿದಾಗ ಹಾಡು ಸೊರಗಿ, ಸೀಳಿ ಬರುವುದು ಇದಕ್ಕೇ.

ಈಗ ನಮ್ಮ 'ಟಪ್' ಹತ್ತಿರ ಬಂದೆವು. ಚಿಪ್ಪಿಗೆ ಸಿಗುವುದು ಸೊನ್ನೆಯಿಂದ 3.3 ವೋಲ್ಟಿನವರೆಗಿನ ಒಂದೇ ಕಡೆಯ ವಿದ್ಯುತ್ತು ಅಂದುಕೊಳ್ಳಿ. ಅಲೆ ಮೇಲೂ ಹೋಗಬೇಕು, ಕೆಳಗೂ ಬರಬೇಕು. ಅದಕ್ಕಾಗಿ ಡ್ರೈವರು ನಡುಮಧ್ಯೆ, 1.65 ವೋಲ್ಟಿನಲ್ಲಿ ಠಿಕಾಣಿ ಹೂಡುತ್ತದೆ. ಈ ನಿಂತ ವೋಲ್ಟೇಜು ಹೆಡ್‌ಫೋನಿಗೆ ತಾಗಿದರೆ ಅದರ ಸುರುಳಿಗೆ ಆಪತ್ತು, ಹಾಗಾಗಿ ಮಧ್ಯೆ ಒಂದು ಕೆಪಾಸಿಟರ್ ಕಾವಲು: ನಿಂತ ವೋಲ್ಟೇಜನ್ನು ತಡೆದು ಅಲೆಯನ್ನಷ್ಟೇ ಬಿಡುತ್ತದೆ. 220 ಮೈಕ್ರೋಫ್ಯಾರಡಿನದಾದರೆ 32 ಓಮಿನ ಜೊತೆ ಸುಮಾರು 23 ಹರ್ಟ್ಸಿನವರೆಗೂ ಮಂದ್ರ ಉಳಿಯುತ್ತದೆ. ಜಾಗ ಉಳಿಸಲು ಅರ್ಧದಷ್ಟು ಹಾಕಿದರೆ 45 ಹರ್ಟ್ಸಿಗೇ ಸೊರಗಲು ಶುರು.

ಆನ್ ಮಾಡಿದಾಗ ಈ ಕೆಪಾಸಿಟರ್ ಖಾಲಿ. ಅದು 1.65 ವೋಲ್ಟಿಗೆ ತುಂಬಲೇಬೇಕು, ತುಂಬುವ ಕರೆಂಟಿಗೆ ಹೆಡ್‌ಫೋನಿನ ಸುರುಳಿ ಬಿಟ್ಟರೆ ಬೇರೆ ದಾರಿ ಇಲ್ಲ. ಆಸಿಲೋಸ್ಕೋಪಿನಲ್ಲಿ ನೋಡಿದ್ದೇನೆ: ಗೆರೆ ಗಕ್ಕನೆ ಮೇಲೆದ್ದು ಒಂದೆರಡು ಕೂದಲೆಳೆ ದೂರದಲ್ಲಿ ಇಳಿಜಾರಾಗಿ ಕರಗುತ್ತದೆ. ಸುಮಾರು 7 ಮಿಲಿಸೆಕೆಂಡಿಗೆ ಎತ್ತರ ಮೂರನೇ ಒಂದು ಭಾಗದ ಹತ್ತಿರ ಬಂದಿರುತ್ತದೆ. ಕಿವಿ ಕೇಳಿದ 'ಟಪ್' ಆ ಗೆರೆಯೇ.

ಮದ್ದು ಸರಳ, ಅವಸರ ಬೇಡ. ನಡುವಿನ ವೋಲ್ಟೇಜನ್ನು ಒಂದೇಟಿಗೆ ಏರಿಸದೆ ಮೆಲ್ಲಗೆ ಏರಿಸಬೇಕು. ಅಷ್ಟು ನಿಧಾನದ ಚಲನೆ ಕಿವಿಗೆ ಗೊತ್ತೇ ಆಗುವುದಿಲ್ಲ. ಮ್ಯೂಟ್ ತೆಗೆಯುವುದು ಎಲ್ಲಕ್ಕಿಂತ ಕೊನೆಗೆ. ಆಫ್ ಮಾಡುವಾಗ ಮ್ಯೂಟೇ ಮೊದಲು.

ಕೆಪಾಸಿಟರನ್ನೇ ಕಿತ್ತುಹಾಕುವ ದಾರಿಯೂ ಉಂಟು. ಚಾರ್ಜ್ ಪಂಪ್ ಅನ್ನುವ ಪುಟ್ಟ ಸರ್ಕ್ಯೂಟು ಚಿಪ್ಪಿನೊಳಗೇ ಋಣ ವೋಲ್ಟೇಜು ತಯಾರಿಸುತ್ತದೆ. ಆಗ ಡ್ರೈವರು ಸೊನ್ನೆಯ ಮೇಲೇ ನಿಲ್ಲಬಹುದು, ಕಾವಲಿನ ಅಗತ್ಯವೇ ಇಲ್ಲ, ಮಂದ್ರವೂ ಪೂರ್ತಿ ಸಿಗುತ್ತದೆ. ಇದಕ್ಕೂ ಅಗ್ಗದ ಇನ್ನೊಂದು ಉಪಾಯವೆಂದರೆ ಹೆಡ್‌ಫೋನಿನ ಗ್ರೌಂಡ್ ತಂತಿಯನ್ನೇ 1.65 ವೋಲ್ಟಿಗೆ ಎತ್ತಿ ಹಿಡಿಯುವುದು. ನನಗೆ ಅದು ಇಷ್ಟವಿಲ್ಲ. ಹೆಡ್‌ಫೋನಿನ ಬದಲು ನಿಜವಾದ ಗ್ರೌಂಡ್ ಇರುವ ಆಂಪ್ಲಿಫೈಯರಿಗೆ ತಂತಿ ಸಿಕ್ಕಿಸಿದ ಕೂಡಲೇ ಆ ಗ್ರೌಂಡ್ ಶಾರ್ಟ್ ಆಗುತ್ತದೆ. ಸ್ಪೀಕರಿನ ಗೋಜು ಕಡಿಮೆ: ಎರಡೂ ತುದಿಗೆ ಒಂದೊಂದು ಡ್ರೈವರು, ಎರಡೂ ಒಂದೇ ವೋಲ್ಟೇಜಿನಲ್ಲಿ ನಿಂತಿರುವುದರಿಂದ ಸುಮ್ಮನಿದ್ದಾಗ ನಡುವೆ ಏನೂ ಹರಿಯದು.

ಇಷ್ಟೆಲ್ಲ ಸರಿಮಾಡಿ, ಆ ಬೋರ್ಡನ್ನು ಹತ್ತು ಸಲ ಆನ್ ಆಫ್ ಮಾಡಿ ಕೇಳಿದೆ. ನಿಶ್ಶಬ್ದ. ಖುಷಿಯಲ್ಲಿ, ಸಾಫ್ಟ್‌ವೇರಿಗೆ ಹೇಳದೆ ಕೇಳದೆ ಪವರ್ ತಂತಿಯನ್ನೇ ಎಳೆದುಬಿಟ್ಟೆ. ಮ್ಯೂಟ್ ಮಾಡಲು ಅದಕ್ಕೆ ಪುರಸೊತ್ತೆಲ್ಲಿ? ಕಿವಿಯಲ್ಲಿ ಮತ್ತೆ 'ಟಪ್'.

ನಮಸ್ಕಾರ.