ಅವರನ್ನು ಮುಗ್ಧರು ಅನ್ನಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಸವಣೂರಿನ ದೊಡ್ಡಹುಣಸೆ ಮಠಕ್ಕೆ ನಿಮ್ಮಲ್ಲಿ ಎಷ್ಟೋ ಜನ ಹೋಗಿ ಬಂದಿರುತ್ತೀರಿ. ಅಲ್ಲಿ ಆನೆಯ ಮೈಯಂಥ ಕಾಂಡದ ಮೂರು ಮರಗಳಿವೆಯಲ್ಲ, ನಾಲ್ಕಾರು ಜನ ಕೈ ಕೈ ಹಿಡಿದು ನಿಂತರೂ ತಬ್ಬಲಿಕ್ಕಾಗದಂಥವು? ಆ ಮರದ ತವರು ಆಫ್ರಿಕಾ. ಇವತ್ತು ನಾನು ಹೇಳಹೊರಟಿರುವ ಜನ ಆ ಮರಗಳ ನಡುವೆಯೇ ಬದುಕುವವರು. ಟಾಂಜಾನಿಯಾ ದೇಶದ ಉತ್ತರ ಭಾಗದಲ್ಲಿ ಎಯಾಸಿ ಎಂಬ ಸವಳು ನೀರಿನ ಸರೋವರವಿದೆ. ಅದರ ಸುತ್ತಮುತ್ತ ಇದ್ದಾರೆ. ಹೆಸರು ಹಾಡ್ಜಾ. ಎಲ್ಲ ಸೇರಿ ಸುಮಾರು 1,300 ಜನ. ಅವರಲ್ಲಿ ಕೆಲವು ನೂರು ಮಂದಿ ಇಂದಿಗೂ ಬಿತ್ತುವುದಿಲ್ಲ, ದನ ಕಟ್ಟುವುದಿಲ್ಲ. ಬೇಟೆ, ಜೇನು, ಗೆಡ್ಡೆ, ಕಾಡುಹಣ್ಣು, ಆ ದೊಡ್ಡಹುಣಸೆಯ ಕಾಯಿ, ಇಷ್ಟರಲ್ಲೇ ಅವರ ಊಟ.

ನಾನು ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಹೇಳಿದವಳು. ಅಲ್ಲಿಗೆ ಹೋದದ್ದು ಒಂದು ಹಕ್ಕಿಯನ್ನು ನೋಡುವುದಕ್ಕೆ. ವಾಪಸು ಬಂದ ಮೇಲೆ ಸಿಕ್ಕವರೆಲ್ಲ ಒಂದೇ ಮಾತು: "ಪಾಪ, ಮುಗ್ಧ ಜನ ಅಲ್ವಾ ಮೇಡಂ?" ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಮುಗ್ಧರು ಅಂದರೆ ಏನೂ ತಿಳಿಯದವರು. ಏನೂ ತಿಳಿಯದವರು ಆ ಮುಳ್ಳುಕಂಟಿಯ ಸೀಮೆಯಲ್ಲಿ ಒಂದು ವಾರ ಬದುಕಿ ಉಳಿಯಲಾರರು. ಅವರದು ವಿದ್ಯೆ. ಕಲಿತದ್ದು, ಕಲಿಸಿದ್ದು, ತಪ್ಪಿದರೆ ತಿದ್ದಿದ್ದು.

ಅವರ ಭಾಷೆಯನ್ನೇ ನೋಡಿ. ರೈತ ಬಂಧುಗಳು ಎತ್ತು ಹೊಡೆಯುವಾಗ ನಾಲಿಗೆಯನ್ನು ದವಡೆಗೆ ಒತ್ತಿ "ಟಕ್ ಟಕ್" ಅನ್ನಿಸುತ್ತೀರಲ್ಲ, ಆ ಸದ್ದು ಹಾಡ್ಜಾ ಮಾತಿನಲ್ಲಿ ನಮ್ಮ ಕ, ಚ, ಟ ಇದ್ದ ಹಾಗೆ ಒಂದು ವ್ಯಂಜನ. ಜಗತ್ತಿನ ಬೇರಾವ ಭಾಷೆಗೂ ಆ ನುಡಿಯ ನಂಟಿಲ್ಲ.

ಈಗ ಹಕ್ಕಿಯ ಕಥೆ ಹೇಳುತ್ತೇನೆ.

ಬೆಳಗಿನ ಎಂಟು ಗಂಟೆ ಇರಬಹುದು. ಮೂವರು ಗಂಡಸರು ಬಿಲ್ಲು, ಕೊಡಲಿ ಹಿಡಿದು ಹೊರಟರು. ಹಿಂದೆ ನಾನು, ನನ್ನ ಹಿಂದೆ ದುಭಾಷಿ ಹುಡುಗ. ಮುಂದಿದ್ದ ಹಿರಿಯರು ಒಂದು ಕಡೆ ನಿಂತು ಸಿಳ್ಳೆ ಹಾಕಿದರು. ಏರಿ, ಇಳಿದು, ಎಳೆದು ಹಾಡಿದ ಹಾಗಿತ್ತು ಅದು. ಕಿವಿಗೊಟ್ಟರು, ಮತ್ತೆ ಹಾಕಿದರು. ಮೂರನೆಯ ಸಲಕ್ಕೆ ಎದುರಿನ ಜಾಲಿ ಮರದಿಂದ ಉತ್ತರ ಬಂತು. ಬೆಂಕಿಪೊಟ್ಟಣವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಹೇಗೆ ಕೇಳುತ್ತದೆ? ಹಾಗೆ. ನಮ್ಮ ಪಿಕಳಾರದಷ್ಟಿರುವ ಬೂದುಗಂದು ಹಕ್ಕಿ. ಹಾರಿದರೆ ಬಾಲದ ಅಂಚಿನ ಬಿಳಿ ಗರಿ ಮಿಂಚುತ್ತದೆ. ಹಾಡ್ಜಾ ಜನ ಇದನ್ನು ತಿಕಿಲಿಕೋ ಎನ್ನುತ್ತಾರೆ. ನಾವು ಜೇನು ತೋರುವ ಹಕ್ಕಿ ಅನ್ನೋಣ.

ಈ ಹಕ್ಕಿಗೆ ಜೇನುಮೇಣ ಅಂದರೆ ಪ್ರಾಣ. ಮೇಣ ತಿಂದು ಅರಗಿಸಿಕೊಳ್ಳುವ ಪ್ರಾಣಿ ಪ್ರಪಂಚದಲ್ಲೇ ಅಪರೂಪ. ಗೂಡು ಎಲ್ಲಿದೆ ಎಂದು ಅದಕ್ಕೆ ಗೊತ್ತು, ಆದರೆ ಮರ ಸೀಳುವ ಬಲ ಇಲ್ಲ. ಮನುಷ್ಯನ ಹತ್ತಿರ ಕೊಡಲಿ ಇದೆ, ಹೊಗೆ ಇದೆ. ಹಕ್ಕಿ ಮರದಿಂದ ಮರಕ್ಕೆ ಹಾರುತ್ತಾ ಕರೆಯಿತು, ಇವರು ಸಿಳ್ಳೆಯಲ್ಲೇ "ಬಂದೆವು, ಬಂದೆವು" ಅನ್ನುತ್ತಾ ಹೋದರು. ಸುಮಾರು ಮುಕ್ಕಾಲು ಗಂಟೆ. ಒಂದು ಭಾರೀ ದೊಡ್ಡಹುಣಸೆ ಬಂತು, ಹಕ್ಕಿ ಸುಮ್ಮನಾಯಿತು. ಹಿರಿಯರು ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. ನನಗೇನೂ ಕಾಣಲಿಲ್ಲ. ಅವರಿಗೆ ನೊಣಗಳು ಒಳಹೊರಗೆ ಓಡಾಡುವ ಪೊಟರೆ ಕಂಡಿತ್ತು.

ಇನ್ನು ಮರ ಹತ್ತುವುದು. ಆ ಕಾಂಡಕ್ಕೆ ಕೆಳಗೆ ಕೊಂಬೆ ಇರುವುದಿಲ್ಲ. ಗಟ್ಟಿ ಕಟ್ಟಿಗೆಯ ಗೂಟ ಚೂಪು ಮಾಡಿ, ಕೊಡಲಿಯ ಹಿಂಬದಿಯಿಂದ ಕಾಂಡಕ್ಕೆ ಹೊಡೆದು, ಅದರ ಮೇಲೆ ನಿಂತು ಮುಂದಿನ ಗೂಟ ಹೊಡೆಯಬೇಕು. ಇಪ್ಪತ್ತರ ಆಸುಪಾಸಿನ ತರುಣ ಹಾಗೇ ಹತ್ತಿದ. ಕೆಳಗಿದ್ದವರು ಕೋಲಿಗೆ ಕೋಲು ಮಸೆದು ಬೆಂಕಿ ಮಾಡಿ, ಹುಲ್ಲಿನ ಪಂಜು ಹೊಗೆಯೆಬ್ಬಿಸಿ ಮೇಲೆ ಕೊಟ್ಟರು. ಆಫ್ರಿಕಾದ ಜೇನ್ನೊಣ ನಮ್ಮ ತುಡುವೆಯ ಹಾಗೆ ಸಾಧು ಅಲ್ಲ. ಅವನು ಎಷ್ಟು ಕಚ್ಚಿಸಿಕೊಂಡನೋ, ಒಂದು ಮಾತಾಡಲಿಲ್ಲ. ತಟ್ಟಿಗಳು ಕೆಳಗೆ ಬಂದವು. ಜೇನು, ಮರಿಹುಳು, ಮೇಣ ಎಲ್ಲ ಸೇರಿಸಿ ಎಲ್ಲರೂ ಅಲ್ಲೇ ಕೂತು ತಿಂದೆವು. ನನ್ನ ಪಾಲು ಮೊದಲು ಕೊಟ್ಟರು.

ಈಗ ಗಮನವಿಟ್ಟು ಕೇಳಿ. ತಿಂದಾದ ಮೇಲೆ ಒಂದು ಹಿಡಿ ಮೇಣ ಉಳಿದಿತ್ತು. ಹಕ್ಕಿ ಪಕ್ಕದ ಮರದಲ್ಲೇ ಕಾಯುತ್ತಿತ್ತು. ನಾನು ಒಂದು ಚೂರನ್ನು ಕಲ್ಲಿನ ಮೇಲೆ ಇಡಲು ಹೋದೆ. ಹಿರಿಯರು ನನ್ನ ಕೈಯಿಂದ ತೆಗೆದುಕೊಂಡು ಅದನ್ನು ಕೆಂಡಕ್ಕೆ ಹಾಕಿದರು. ಉಳಿದದ್ದನ್ನು ಮಣ್ಣಿನಲ್ಲಿ ಹೂತರು. ದುಭಾಷಿಯ ಮೂಲಕ ಯಾಕೆ ಎಂದು ಕೇಳಿದೆ. "ಹೊಟ್ಟೆ ತುಂಬಿದ ಹಕ್ಕಿ ನಾಳೆ ಯಾಕೆ ಕರೆಯುತ್ತದೆ, ತಾಯಿ?" ಅಂದರು.

ಹೇಳಿ, ಇವರು ಮುಗ್ಧರೇ? ಹಕ್ಕಿಯ ಹಸಿವನ್ನು ಲೆಕ್ಕ ಹಾಕಿ ಬದುಕುವವರು ಮುಗ್ಧರೇ? ಮಾನವಶಾಸ್ತ್ರಜ್ಞ ಬ್ರಯನ್ ವುಡ್ ಮತ್ತು ಸಂಗಡಿಗರು ಹಾಡ್ಜಾ ಜನರ ಜೊತೆ ನಡೆದು ಅಳೆದದ್ದನ್ನು 2014ರಲ್ಲಿ ಪ್ರಕಟಿಸಿದ್ದಾರೆ. ಹಕ್ಕಿ ಜೊತೆಗಿದ್ದರೆ ಗೂಡು ಸಿಗುವ ವೇಗ 5 ಪಟ್ಟಿಗೂ ಹೆಚ್ಚು. ಮೇಣ ಹೂಳುವುದು, ಸುಡುವುದು ಕೂಡ ಅದರಲ್ಲಿ ದಾಖಲಾಗಿದೆ. ಮೊಜಾಂಬಿಕ್‌ನ ಯಾವೋ ಜನ ಇದಕ್ಕೆ ತದ್ವಿರುದ್ಧ. ಹಕ್ಕಿಗೆಂದೇ ಎಲೆಯ ಮೇಲೆ ಮೇಣ ಇಡುತ್ತಾರೆ. ಅವರು ಕರೆಯುವುದು ಸಿಳ್ಳೆಯಿಂದಲ್ಲ, "ಬ್ರ್‌ರ್, ಹ್ಮ್" ಎಂಬ ಸದ್ದಿನಿಂದ. 2023ರಲ್ಲಿ ಪ್ರಕಟವಾದ ಪ್ರಯೋಗದ ಪ್ರಕಾರ ಹಾಡ್ಜಾ ಸೀಮೆಯ ಹಕ್ಕಿ ಹಾಡ್ಜಾ ಸಿಳ್ಳೆಗೇ ಹೆಚ್ಚು ಬರುತ್ತದೆ, ಯಾವೋ ಸೀಮೆಯ ಹಕ್ಕಿ ಯಾವೋ ಸದ್ದಿಗೇ. ಹಕ್ಕಿಯೂ ಆ ಊರಿನ ಮಾತು ಕಲಿತಿದೆ!

ಸಮಯ ಸರಿಯುತ್ತಿದೆ ಎಂದು ಗಾಜಿನಾಚೆಯಿಂದ ಕೈಸನ್ನೆ ಬರುತ್ತಿದೆ. ಹೆಂಗಸರ ವಿಷಯ ವಿವರವಾಗಿ ಹೇಳಬೇಕೆಂದಿದ್ದೆ. ಎರಡೇ ಮಾತು. ಬೇಟೆ ಸಿಗದ ದಿನವೂ ಒಲೆ ಉರಿಯುವುದು ಅವರಿಂದ. ಕೋಲಿನಿಂದ ಕಲ್ಲು ಸರಿಸಿ ಏಕ್ವಾ ಎಂಬ ನಾರುಗೆಡ್ಡೆ ಅಗೆಯುತ್ತಾರೆ, ಸುಟ್ಟು, ಅಗಿದು, ರಸ ನುಂಗಿ ನಾರು ಉಗುಳುತ್ತಾರೆ. ಅರವತ್ತು ದಾಟಿದ ಅಜ್ಜಿಯರೂ ಮೊಮ್ಮಕ್ಕಳಿಗಾಗಿ ಅಗೆಯುತ್ತಾರೆ. ನೆಲದೊಳಗೆ ಎಲ್ಲಿ ಗೆಡ್ಡೆ ಇದೆ ಎಂದು ಮೇಲಿನ ಬಳ್ಳಿ ನೋಡಿ ಹೇಳುವುದು ವಿದ್ಯೆ. ಮತ್ತೆ ಮತ್ತೆ ಇದನ್ನೇ ಹೇಳುತ್ತಿದ್ದೇನೆ, ಹೇಳಲೇಬೇಕು.

ಯಾಕೆಂದರೆ ಏನೂ ತಿಳಿಯದವರು ಅಂದುಕೊಂಡರೆ ಅವರ ನೆಲವನ್ನು ಖಾಲಿ ನೆಲ ಅಂದುಕೊಳ್ಳುವುದು ಸುಲಭ. ಎಯಾಸಿ ಸರೋವರದ ಹತ್ತಿರದ ಮಂಗೋಲಾ ಎಂಬ ಊರಿನ ಕಡೆ ನೀರು ಹರಿಸಿ ಈರುಳ್ಳಿ ಹೊಲ ಮಾಡಿದ್ದಾರೆ. ಇನ್ನೊಂದು ಕಡೆ ದನಗಾಹಿಗಳ ಮಂದೆಗಳು ನೀರಿನ ಗುಂಡಿಗೆ ಬರುತ್ತವೆ. ಕಂಟಿ ಕಡಿದರೆ ಹೂವಿಲ್ಲ, ಹೂವಿಲ್ಲದಿದ್ದರೆ ಜೇನಿಲ್ಲ, ಜೇನಿಲ್ಲದಿದ್ದರೆ ಹಕ್ಕಿ ಯಾರನ್ನು ಕರೆದು ಏನು ತೋರಿಸಬೇಕು? 2011ರಲ್ಲಿ ಯಾಯಿಡಾ ಕಣಿವೆಯ ಹಾಡ್ಜಾ ಜನರಿಗೆ 20,000 ಹೆಕ್ಟೇರಿಗೂ ಹೆಚ್ಚು ನೆಲದ ಹಕ್ಕುಪತ್ರ ಸಿಕ್ಕಿತು. ಒಬ್ಬೊಬ್ಬರ ಹೆಸರಿಗಲ್ಲ, ಇಡೀ ಸಮುದಾಯದ ಹೆಸರಿಗೆ. ನನಗೆ ತುಂಬ ಸಂತೋಷ ಕೊಟ್ಟ ಸಂಗತಿ ಇದು.

ಮುಂದಿನ ಸಲ ಸವಣೂರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಆ ಮರದ ಬುಡದಲ್ಲಿ ನಿಲ್ಲಿ. ಕಾಂಡವನ್ನು ಮುಟ್ಟಿ, ಕೈಗೆ, ಕಾಲಿಗೆ ಎಲ್ಲಾದರೂ ಹಿಡಿತ ಸಿಗುತ್ತದೆಯೇ ನೋಡಿ. ನಮಸ್ಕಾರ.