ಸಹಾಯಕ ಕೋಚ್ ನೇಮಕ: ಹೆಸರಿಗಿಂತ ಹೊಂದಿಕೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಕಾಲೇಜು ಫುಟ್‌ಬಾಲ್ ನಮಗೆ ಪರಿಚಿತವಾದ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುವ, ಎಸೆಯುವ ಆಟ. ಪಂದ್ಯಗಳ ಕಾಲ ಮುಗಿದೊಡನೆ ಅಲ್ಲಿನ ಅಭಿಮಾನಿಗಳಲ್ಲಿ ವಾದ ಶುರು: ಹೊಸ ಸಹಾಯಕ ಕೋಚ್ ಯಾರಾಗಬೇಕು? ದಾಳಿಗೊಬ್ಬ, ರಕ್ಷಣೆಗೊಬ್ಬ ಕೋಆರ್ಡಿನೇಟರ್ ಇರುತ್ತಾರೆ. ಮೈದಾನದಲ್ಲಿ ಮುಂದಿನ ಆಟ ಯಾವುದೆಂದು ಹೆಚ್ಚಾಗಿ ಹೇಳುವವರು ಅವರೇ. ಹಾಗಾಗಿ ಈ ವಾದ ಹುರುಳಿಲ್ಲದ್ದಲ್ಲ. ಆದರೆ ಅದು ಬಹುಪಾಲು ಹೆಸರಿನ ಸುತ್ತಲೇ ಸುತ್ತುತ್ತದೆ.

ಲೂಯಿಸಿಯಾನಾ ಸ್ಟೇಟ್, ಅಂದರೆ ಎಲ್‌ಎಸ್‌ಯು ತಂಡವನ್ನೇ ನೋಡಿ. 2019ರ ಜನವರಿಯಲ್ಲಿ ಅಲ್ಲಿಗೆ ಬಂದ ಜೋ ಬ್ರೇಡಿಗೆ 29 ವರ್ಷ. ಕೋಆರ್ಡಿನೇಟರ್ ಆಗಿ ದುಡಿದ ಅನುಭವವೇ ಇರಲಿಲ್ಲ. ಮೊದಲು ದುಡಿದಿದ್ದ ವೃತ್ತಿಪರ ತಂಡ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ನ ಪಾಸಿಂಗ್ ಆಟ, ಅಂದರೆ ಚೆಂಡೆಸೆದು ಮುನ್ನಡೆಯುವ ಆಟ, ಅವರಿಗೆ ಗೊತ್ತಿತ್ತು, ಅದಕ್ಕೆ ತಕ್ಕ ಆಟಗಾರರು ಇಲ್ಲಿದ್ದರು. ಓಟಗಾರನನ್ನೂ ಚೆಂಡು ಹಿಡಿಯಲು ಬಿಟ್ಟರು. ಕ್ಲೈಡ್ ಎಡ್ವರ್ಡ್ಸ್-ಹೆಲೇರ್ ಆ ವರ್ಷ 55 ಪಾಸ್ ಹಿಡಿದರು. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಜೋ ಬರೋ ಹಿಂದಿನ ವರ್ಷ 16 ಟಚ್‌ಡೌನ್ ಪಾಸ್, ಅಂದರೆ ನೇರ ಅಂಕ ತರುವ ಎಸೆತ, ಎಸೆದಿದ್ದರು; ಈಗ 60 ಎಸೆದರು. 15 ಪಂದ್ಯ, 15 ಗೆಲುವು. ಶ್ರೇಷ್ಠ ಸಹಾಯಕ ಕೋಚ್‌ಗೆ ಕೊಡುವ ಬ್ರಾಯ್ಲ್ಸ್ ಪ್ರಶಸ್ತಿ ಬ್ರೇಡಿಗೆ ಬಂತು.

ಮರುವರ್ಷ ರಕ್ಷಣೆಯ ಹೊಣೆ ಬೋ ಪೆಲಿನಿಗೆ. 2007ರಲ್ಲಿ ಇದೇ ತಂಡ ರಾಷ್ಟ್ರೀಯ ಚಾಂಪಿಯನ್ ಆದಾಗ ರಕ್ಷಣೆಯನ್ನು ನಡೆಸಿದವರು, ಊರಿಗೆಲ್ಲ ಗೊತ್ತಿದ್ದ ಹೆಸರು. ಮುಂಚೂಣಿಯಲ್ಲಿ ಮೂವರು, ಅವರ ಹಿಂದೆ ನಾಲ್ವರು ಲೈನ್‌ಬ್ಯಾಕರ್‌ಗಳಿರುವ 3-4 ಜೋಡಣೆಯನ್ನು ಅವರು 4-3ಕ್ಕೆ, ಅಂದರೆ ಮುಂದೆ ನಾಲ್ವರು, ಹಿಂದೆ ಮೂವರಿಗೆ, ಬದಲಿಸಿದರು. ಕೇಳಲು ಒಬ್ಬನ ಜಾಗ ಬದಲಾದಷ್ಟೇ. ಮಾಡಲು ಹೊರಟರೆ, ಹೊರಬದಿಯಲ್ಲಿ ನಿಂತು ನುಗ್ಗುತ್ತಿದ್ದ ಲೈನ್‌ಬ್ಯಾಕರ್ ಈಗ ಮುಂಚೂಣಿಯ ತುದಿಯಾಳಾಗಬೇಕು, ಇಲ್ಲವೇ ಪಾಸ್ ಕಾಯಲು ಹಿಂದಕ್ಕೆ ಓಡಬೇಕು. ಇದನ್ನೆಲ್ಲ ಕಲಿಸಲು ವಸಂತದ 15 ಅಭ್ಯಾಸಗಳು ಬೇಕೇ ಬೇಕು. ಆ ವರ್ಷ ಕೋವಿಡ್ ಅವುಗಳಲ್ಲಿ ಬಹುಪಾಲನ್ನು ನುಂಗಿತು.

ಮೊದಲ ಪಂದ್ಯದಲ್ಲೇ ಪೆಟ್ಟು ಬಿತ್ತು. ಸೆಪ್ಟೆಂಬರ್ 26ರಂದು ಮಿಸಿಸಿಪ್ಪಿ ಸ್ಟೇಟ್‌ನ ಕೆ.ಜೆ. ಕಾಸ್ಟೆಲೊ 623 ಗಜ ಎಸೆದರು. ಎಲ್‌ಎಸ್‌ಯು ಹೆಚ್ಚಾಗಿ ಒಬ್ಬನಿಗೊಬ್ಬ ಅಂಟಿ ಕಾಯುವ ಮ್ಯಾನ್ ಕವರೇಜ್ ಹಿಡಿದಿತ್ತು. ಎದುರಾಳಿಗಳು ಅಡ್ಡಡ್ಡ ಹಾದು ಓಡಿದರೆ ಕಾಯುವವನು ಗುಂಪಿನಲ್ಲಿ ಸಿಕ್ಕಿ ಒಂದು ಹೆಜ್ಜೆ ಹಿಂದುಳಿಯುತ್ತಾನೆ. ಆ ಹೆಜ್ಜೆ ಸಾಕು. ಮುಂದಿನ ವಾರವೇ ಅರ್ಕಾನ್ಸಾ ತಂಡ ಮಿಸಿಸಿಪ್ಪಿ ಸ್ಟೇಟ್‌ನ ಇದೇ ದಾಳಿಯನ್ನು 14 ಅಂಕಕ್ಕೆ ಕಟ್ಟಿಹಾಕಿತು. ಅಲ್ಲಿನ ರಕ್ಷಣಾ ಕೋಆರ್ಡಿನೇಟರ್ ಬ್ಯಾರಿ ಓಡಮ್ ಕೂಡ ಆ ವರ್ಷವೇ ಬಂದವರು. ಮೂವರನ್ನು ಮಾತ್ರ ನುಗ್ಗಿಸಿ ಎಂಟು ಜನರನ್ನು ಪಾಸ್ ಕಾಯಲು ಹಿಂದೆ ನಿಲ್ಲಿಸಿದರು, ಮೂರು ಪಾಸ್ ಕಸಿದರು. ನನ್ನ ಮಟ್ಟಿಗೆ, ಇಡೀ ವಾದಕ್ಕೆ ಇದಕ್ಕಿಂತ ಸ್ಪಷ್ಟ ಪಾಠವಿಲ್ಲ. ಎಲ್‌ಎಸ್‌ಯು 5 ಗೆದ್ದು 5 ಸೋತಿತು. ಪೆಲಿನಿ ಒಂದೇ ವರ್ಷಕ್ಕೆ ಹೊರನಡೆದರು, ಕರಾರು ಮುರಿದದ್ದಕ್ಕೆ ಎಲ್‌ಎಸ್‌ಯು ಅವರಿಗೆ ಸುಮಾರು 40 ಲಕ್ಷ ಡಾಲರ್ ತೆರಬೇಕಾಯಿತು.

ಆದ್ದರಿಂದ ಹೊಸ ಹೆಸರು ಕೇಳಿದಾಗ ಮೊದಲು ಈಗಿರುವ ಆಟಗಾರರ ಪಟ್ಟಿ ತೆಗೆಯಿರಿ. ಹೊಸ ಕೋಚ್‌ನ ಜೋಡಣೆಗೆ ಬೇಕಾದ ಮೈಕಟ್ಟಿನವರು ಅದರಲ್ಲಿ ಎಷ್ಟಿದ್ದಾರೆ? ಆಟದ ಕರೆ ಕೊಡುವವರು ಇವರೋ, ಮುಖ್ಯ ಕೋಚೋ? ಕರಾರು ಎಷ್ಟು ವರ್ಷದ್ದು? ಇನ್ನೊಂದು ಮಾತು: 2024ರಿಂದ ಕೋಚಿಂಗ್ ಸಿಬ್ಬಂದಿಯಲ್ಲಿ ಯಾರು ಬೇಕಾದರೂ ಮೈದಾನದಲ್ಲಿ ಆಟ ಹೇಳಿಕೊಡಬಹುದು, ಆದರೆ ಹೊರಗೆ ಹೋಗಿ ಹುಡುಗರನ್ನು ಸೆಳೆದು ತರಲು ಮುಖ್ಯ ಕೋಚ್ ಸೇರಿ 11 ಮಂದಿಗಷ್ಟೇ ಅನುಮತಿ. ಆ ಹನ್ನೊಂದರಲ್ಲಿ ಹೊಸಬರ ಹೆಸರಿದೆಯೇ ಎಂಬುದನ್ನೂ ನೋಡಿಕೊಳ್ಳಿ.